ಮೂವರು ಗೋಲ್‌ಕೀಪರು, ಒಂದೇ ಪರ್ಮನೆಂಟ್ ಆರ್ಡರು

ಹೆದರಿದವನ ಮೇಲೆ ಹಾವೆಸೆದರು ಅಂತ ಗಾದೆ ಇದೆಯಲ್ಲ, ಆ ಹಾವುಗಳಿಗೆಲ್ಲ ನನ್ನ ಮನೆ ಗುರುತು ಚೆನ್ನಾಗಿ ಗೊತ್ತು. ಬೇರೆಯವರಿಗೆ ವರ್ಷಕ್ಕೊಂದು ಫಜೀತಿ ಆದರೆ ನನಗೆ ವಾರಕ್ಕೊಂದು. ನಾನು ಹುಟ್ಟಾ ಪುಕ್ಕಲ ಸ್ವಾಮಿ. ಹಾಯೋ ಎಮ್ಮೆಗೆ ಹೆದರ್ತೀನಿ, ಬಸ್ಸಿನ ಕಂಡಕ್ಟರಿಗೆ ಹೆದರ್ತೀನಿ, ಸೀಲು ಬಿದ್ದ ಲಕೋಟೆ ಬಂದರೆ ಒಡೆಯೋ ಮೊದಲು ಒಂದು ಲೋಟ ನೀರು ಕುಡೀತೀನಿ. ಇಂಥವನು ಹೊಟ್ಟೆಪಾಡಿಗೆ ಹಿಡಿದ ಕೆಲಸ ಯಾವುದು ಅಂತೀರಿ? ಫುಟ್‌ಬಾಲ್ ಗೋಲ್‌ಕೀಪರು! ಎದುರಿಂದ ಒಬ್ಬ ಪೈಲ್ವಾನನಂಥವನು ಓಡಿ ಬಂದು ಚೆಂಡು ಒದೀತಾನೆ, ಬುದ್ಧಿ ಇರೋರೆಲ್ಲ ಪಕ್ಕಕ್ಕೆ ಸರೀತಾರೆ, ನಾನು ಅಡ್ಡ ಬೀಳ್ತೀನಿ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮೂರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಓದೋಕೆ ಬೆಂಗಳೂರಿಗೆ ಹೋದವನು, ಕೈ ಉದ್ದ ಇದೆ ಅನ್ನೋ ಒಂದೇ ಕಾರಣಕ್ಕೆ ಗೋಲಿನ ಕಂಬಗಳ ಮಧ್ಯೆ ನಿಂತೆ. ನೀರಿನ ಪಂಪು ತಯಾರಿಸೋ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ಮೂರು ವರ್ಷದ ಕಾಂಟ್ರಾಕ್ಟಿನ ಮೇಲೆ ಸೇರಿಸಿಕೊಂಡ್ರು. ತಿಂಗಳಾದರೆ ಸಂಬಳ. ಊರಲ್ಲಿ ಯಾರೂ ನಂಬಲಿಲ್ಲ. "ಚೆಂಡು ಇಡಿಯಕ್ಕೆ ಸಂಬ್ಳ ಕೊಟ್ಟಾರೇನ್ಲಾ? ಬುಡ್ಲಾ ಸಾಕು" ಅಂತ ನಮ್ಮಪ್ಪನೇ ಅಂದ್ರು.

ತಂಡದಲ್ಲಿ ಗೋಲ್‌ಕೀಪರುಗಳು ಮೂವರು. ಒಬ್ಬ ಕೇರಳದವನು, ದಪ್ಪ ಮೀಸೆ, ನೋಡೋಕೆ ಸಿನಿಮಾ ನಟನ ಹಾಗೆ. ಇನ್ನೊಬ್ಬ ಬೆಂಗಳೂರಿನವನು, ಯಾವುದಕ್ಕೂ ತಲೆ ಕೆಡಿಸಿಕೊಳ್ಳದ ಆಸಾಮಿ. ಮೂರನೆಯವನೇ ನಾನು. ಕಾಂಟ್ರಾಕ್ಟಿನ ಕೊನೇ ವರ್ಷ ಸ್ಪೋರ್ಟ್ಸ್ ಆಫೀಸರು ನಮ್ಮನ್ನ ಕೂರಿಸಿಕೊಂಡು ಹೇಳಿದ್ರು: "ಒಬ್ಬನಿಗೆ ಮಾತ್ರ ಪರ್ಮನೆಂಟ್ ಆರ್ಡರು. ಆಟದಲ್ಲಿ ಮೂವರೂ ಒಂದೇ. ಇನ್ನು ನಾನು ನೋಡೋದು ಹೆಸರು. ಯಾರನ್ನ ಕಂಡರೆ ಜನ ಸೇರ್ತಾರೋ ಅವನು ಉಳೀತಾನೆ. ಮಿಕ್ಕಿದವರು ಗಂಟುಮೂಟೆ ಕಟ್ಟಿ."

ಕೆಲಸ ಹೋದರೆ ಊರಿಗೆ ವಾಪಸ್ಸು, ಅಪ್ಪನ ಎದುರು ನಿಲ್ಲಬೇಕು, ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡಬೇಕು. ಹೆಣ್ಣು ಕೊಡೋರು ಬಂದರೆ ಹೆಸರು ಕೇಳೋ ಮೊದಲೇ "ಪರ್ಮನೆಂಟಾ?" ಅಂತ ಕೇಳೋ ಕಾಲ ಅದು. ಆವತ್ತಿಂದ ನನಗೆ ಊಟ ಸೇರಲಿಲ್ಲ.

ಅಭಿಮಾನಿಯ ಕಾಗದ

ಕಾರ್ಖಾನೆ ಕ್ಯಾಂಟೀನಿನ ಗೋಡೆಗೆ ಒಂದು ಹಲಗೆ ನೇತುಹಾಕಿದ್ರು. ಮೇಲೆ ನಮ್ಮ ಮೂವರ ಫೋಟೋ. ಕೆಳಗೆ ಎತ್ತರ, ತೂಕ, ಊರು, ತಡೆದ ಗೋಲು. ಅಲ್ಲೀವರೆಗೂ ನನಗೇನೂ ತೊಂದರೆ ಇರಲಿಲ್ಲ, ಎತ್ತರದಲ್ಲಿ ನಾನೇ ಮೊದಲು. ಕೊನೇ ಸಾಲು ಮಾತ್ರ ಜನಪ್ರಿಯತೆ. ಪ್ರತಿ ಸೋಮವಾರ ಆಫೀಸರು ಬಂದು, ಯಾರಿಗೆ ಎಷ್ಟು ಅಭಿಮಾನಿಗಳ ಪತ್ರ ಬಂತು ಅಂತ ಸೀಮೆಸುಣ್ಣದಲ್ಲಿ ಅಲ್ಲಿ ಬರೀತಿದ್ರು.

ಮಲಯಾಳಿಗೆ ಕಟ್ಟುಗಟ್ಟಲೆ ಬರ್ತಿತ್ತು. ಅವರೂರಲ್ಲಿ ಚೆಂಡು ಒದೆಯೋನಿಗೆ ದೇವರ ಮರ್ಯಾದೆ. ಬೆಂಗಳೂರಿನವನಿಗೆ ಪತ್ರ ಕಡಿಮೆ, ಆದರೆ ಅವನ ಬೀದಿಯ ಆಟೋದವರು ಗೇಟಿನ ಹತ್ತಿರವೇ ಬಂದು ಅವನ ಹೆಸರು ಕೂಗಿ ಹೋಗ್ತಿದ್ರು. ನನ್ನ ಫೋಟೋ ಕೆಳಗೆ ಸೊನ್ನೆ. ಆಫೀಸರ ಅಕ್ಷರ ಚೆನ್ನಾಗಿತ್ತು. ಆ ಸೊನ್ನೇನ ಬಳೆ ಥರ ದುಂಡಗೆ, ಎಲ್ಲೂ ಬಿರುಕಿಲ್ಲದ ಹಾಗೆ ಬರೀತಿದ್ರು. ಊಟಕ್ಕೆ ಬಂದೋರೆಲ್ಲ ಅದನ್ನ ನೋಡಿಕೊಂಡೇ ಅನ್ನ ಕಲಸೋರು.

ಹೆದರಿಕೆ ತಡೀಲಾರದೆ ಊರಲ್ಲಿದ್ದ ತಂಗಿಗೆ ಒಂದು ಕಾಗದ ಬರೆದೆ. "ಯಾರೋ ಅಭಿಮಾನಿ ಬರೆದ ಥರ ನನಗೊಂದು ಪತ್ರ ಹಾಕು ತಾಯಿ, ನಿನ್ನ ಹೆಸರು ಹಾಕಬೇಡ, ಅಣ್ಣನ ಮಾನ ನಿನ್ನ ಕೈಲಿದೆ" ಅಂದೆ. ಅವಳು ಕನ್ನಡದಲ್ಲಿ ಜಾಣೆ. ಹತ್ತೇ ದಿನಕ್ಕೆ ಕಾಗದ ಬಂತು. ಆಫೀಸರಿಗೆ ನನಗಿಂತ ಖುಷಿ. ಕ್ಯಾಂಟೀನಿನಲ್ಲಿ ಎಲ್ಲರ ಎದುರು ಎದ್ದು ನಿಂತು ಓದಿದ್ರು.

"'ನೆಚ್ಚಿನ ಆಟಗಾರರೇ, ತಾವು ಗಾಳಿಯಲ್ಲಿ ಹಾರಿ ಚೆಂಡು ಹಿಡಿಯುವ ಪರಿಯನ್ನು ಕಂಡು ಈ ಭಾಗದ ಯುವಜನರು ಮೂಕವಿಸ್ಮಿತರಾಗಿದ್ದೇವೆ. ತಮ್ಮ ಕೀರ್ತಿ ದಶದಿಕ್ಕಿಗೂ ಹಬ್ಬಲಿ.' ಭಲೇ! ಇನ್ನೂ ಇದೆ ಇರ್ರಪ್ಪಾ. 'ವಿಶೇಷ ಸೂಚನೆ: ಹೋದ ಸಲ ಚಕ್ಕುಲಿ ತುಂಬಿ ಕಳಿಸಿದ ಸ್ಟೀಲ್ ಡಬ್ಬ ಇನ್ನೂ ವಾಪಸ್ ಬಂದಿಲ್ಲ. ಅವ್ವ ದಿನಾ ಬೈತಾವ್ಳೆ. ಈ ಸಲ ತರದೆ ಬಂದರೆ ಒಳಗೆ ಸೇರಿಸಲ್ಲವಂತೆ.'"

ಕ್ಯಾಂಟೀನು ಬಿದ್ದು ಬಿದ್ದು ನಕ್ತು. ನಾನು ಮೇಜಿನ ಕೆಳಗೆ ಚಮಚ ಹುಡುಕೋ ನೆವದಲ್ಲಿ ಕೂತುಬಿಟ್ಟೆ. ಆಫೀಸರು ಕನ್ನಡಕದ ಮೇಲಿಂದ ನನ್ನ ನೋಡಿ, ಹಲಗೆ ಹತ್ತಿರ ಹೋದ್ರು. ಸೊನ್ನೆ ಒರೆಸಿದ್ರು. ಸ್ವಲ್ಪ ಹೊತ್ತು ಯೋಚನೆ ಮಾಡಿ 'ಅರ್ಧ' ಅಂತ ಬರೆದು, "ಮೊದಲು ಆ ಅಭಿಮಾನಿಗೆ ಡಬ್ಬ ವಾಪಸ್ ಕೊಡಯ್ಯಾ" ಅಂದ್ರು.

ಶ್ರೀರಂಗಪಟ್ಟಣದ ಜೋಡಿ

ಅಷ್ಟರಲ್ಲಿ ಕಾರ್ಖಾನೆಯವರು ಒಂದು ಹೊಸ ಯೋಜನೆ ಹಾಕಿದ್ರು. ನಮ್ಮ ಸೀಮೆ ರೈತರಿಗೆ ಪಂಪು ಮಾರಬೇಕು. ಅದರ ಪ್ರಚಾರಕ್ಕೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ಕಡೆ ನಮ್ಮ ತಂಡಾನೇ ಎರಡು ಭಾಗ ಮಾಡಿ ಪ್ರದರ್ಶನ ಪಂದ್ಯ ಆಡಿಸೋದು.

"ನಿನ್ನ ಸೀಮೆ ಕಣಯ್ಯಾ! ಇಲ್ಲಿ ನಿನ್ನ ಹೆಸರು ಹೇಳಿದರೆ ಜನ ಹುಚ್ಚೆದ್ದು ಬರಬೇಕು. ಇಲ್ಲೂ ಬರಲಿಲ್ಲ ಅಂದ್ರೆ ಇನ್ನೆಲ್ಲಿ ಬರ್ತಾರೆ?" ಅಂದ್ರು ಆಫೀಸರು.

ನನಗೆ ಜ್ವರ ಬಂದ ಹಾಗಾಯ್ತು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಕುಸ್ತಿ ಅಂದ್ರೆ ಪ್ರಾಣ ಬಿಡ್ತಾರೆ, ಕಬಡ್ಡಿ ಅಂದ್ರೆ ಊಟ ಬಿಡ್ತಾರೆ, ಕ್ರಿಕೆಟ್ಟು ಅಂದ್ರೆ ಟೀವಿ ಮುಂದಿಂದ ಏಳಲ್ಲ. ಫುಟ್‌ಬಾಲ್ ಅಂದ್ರೆ, "ನೆಟ್ಟು ಕಟ್ಟೋದು ಮರೆತ ವಾಲಿಬಾಲಾ?" ಅಂತ ಕೇಳೋ ಜನ.

ಶ್ರೀರಂಗಪಟ್ಟಣದಲ್ಲಿ ಜನ ಸೇರಿಸೋ ಹೊಣೆಯನ್ನ ಒಬ್ಬ ಹಳೇ ವಸ್ತಾದರಿಗೆ ವಹಿಸಿದ್ರು. ವಸ್ತಾದರು ಅಂದ್ರೆ ಗರಡಿಯಲ್ಲಿ ಕುಸ್ತಿ ಕಲಿಸೋ ಗುರುಗಳು. ಪಾಪ, ಅವರು ತಮಗೆ ಗೊತ್ತಿದ್ದ ಪದ್ಧತಿಯಲ್ಲೇ ಹ್ಯಾಂಡ್‌ಬಿಲ್ಲು ಹಾಕಿಸಿದ್ರು. ಕುಸ್ತಿ ಬಿಲ್ಲಿನಲ್ಲಿ ಜೋಡಿ ಹಾಕ್ತಾರಲ್ಲ, ಎದುರುಬದುರು ಇಬ್ಬರ ಫೋಟೋ, ಹಾಗೆ ಈ ಕಡೆ ನಾನು, ಆ ಕಡೆ ಮಲಯಾಳಿ. ನಡುವೆ ದಪ್ಪಕ್ಷರದಲ್ಲಿ 'ಭಾರೀ ಜೋಡಿ'. ಚೆಂಡಿನ ಮಾತೇ ಇಲ್ಲ.

ಜನ ಬಂದ್ರು ನೋಡಿ! ಮೈದಾನದ ಸುತ್ತ ಕಾಲಿಡೋಕೆ ಜಾಗ ಇಲ್ಲ. ಆಫೀಸರು ಹಿಗ್ಗಿ ಹೀರೇಕಾಯಾದ್ರು. ವಸ್ತಾದರು ನನ್ನ ತೊಡೆ ಹಿಸುಕಿ ನೋಡಿ, "ತೊಡೇಲಿ ಏನೂ ಇಲ್ವಲ್ಲಪ್ಪ. ಆಗ್ಲಿ, ಪಟ್ಟು ಗೊತ್ತಿದ್ರೆ ಸಾಕು" ಅಂದ್ರು. ನನಗೆ ಅರ್ಥವಾಗಲಿಲ್ಲ, ಆದರೂ ಎರಡು ಹೆಜ್ಜೆ ಹಿಂದೆ ಸರಿದೆ.

ಆಟ ಆರಂಭ ಆಯ್ತು. ನಾನು ಈ ತುದಿ, ಮಲಯಾಳಿ ಆ ತುದಿ. ನಡುವೆ ಇಪ್ಪತ್ತು ಜನ ಚೆಂಡು ಒದೀತಾ ಇದ್ದಾರೆ. ಹತ್ತು ನಿಮಿಷಕ್ಕೆ ಜನರ ತಾಳ್ಮೆ ಹೋಯ್ತು.

"ಏಯ್, ಈ ಗಲಾಟೆ ಸಾಕು, ಅವರಿಬ್ರುನ್ನ ಬುಡ್ರೋ!"

"ಅವ್ನ್ ನೋಡ್ಲಾ, ಎದ್ರುಕಂಡು ಆ ಮೂಲೇಲಿ ನಿಂತವ್ನೆ!"

"ಈ ಉದ್ದಾನೋನೂ ಅಂಗೇಯ! ಕಂಬ ಬುಟ್ಟು ಬತ್ತಾನೇ ಇಲ್ವಲ್ಲ!"

ಅರ್ಧ ಆಟ ಮುಗೀತು. ತಂಡಗಳು ಜಾಗ ಬದಲಾಯಿಸಬೇಕು. ನಾನು ಆ ಕಡೆಗೆ ಹೊರಟೆ, ಮಲಯಾಳಿ ಈ ಕಡೆಗೆ. ನಾವಿಬ್ಬರೂ ಮೈದಾನದ ನಡುವೆ ಎದುರಾದದ್ದೇ ತಡ, ತಮಟೆ ಶುರುವಾಯ್ತು, ಶಿಳ್ಳೆ ಮುಗಿಲಿಗೆ ಮುಟ್ತು. ಮಲಯಾಳಿ ಒಳ್ಳೆಯವನು, ನಗುತ್ತಾ ಕೈ ಮುಂದೆ ಚಾಚಿದ. ನಾನೂ ಕೈ ಕೊಟ್ಟೆ. ಕುಸ್ತಿ ಹಿಡಿಯೋರು ಮೊದಲು ಹೀಗೇ ಕೈ ಮುಟ್ಟಿ ಸಲಾಮಿ ಮಾಡೋದು. ವಸ್ತಾದರು ಒಳಗೇ ನುಗ್ಗಿ ಬಂದು, "ಸಲಾಮಿ ಆಯ್ತು! ಇಡೀಲಾ! ಚಿತ್ ಆಗೋಗಂಟ ಬುಡ್ಬ್ಯಾಡ!" ಅಂತ ತೊಡೆ ತಟ್ಟಿದ್ರು. ಮಲಯಾಳಿ ಭಾಷೆ ತಿಳೀದೆ ತಾನೂ ಖುಷಿಯಿಂದ ತೊಡೆ ತಟ್ಟಿದ.

ನಾನು ಓಡಿದೆ. ಗೋಲು ದಾಟಿ, ಜನರನ್ನ ದಾಟಿ, ನಮ್ಮ ಬಸ್ಸು ಹತ್ತಿ ಕಿಟಕಿ ಹಾಕಿಕೊಂಡೆ. ಆಫೀಸರು ತಮ್ಮ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬರೆದುಕೊಂಡ್ರು: 'ಓಟ ಅತ್ಯುತ್ತಮ. ಜನಪ್ರಿಯತೆ ಅನುಮಾನ.'

ಪಾಂಡವಪುರದಲ್ಲಿ ಒಬ್ಬನೇ ಪ್ರೇಕ್ಷಕ

ಪಾಂಡವಪುರ ನನ್ನ ಸ್ವಂತ ತಾಲ್ಲೂಕು. ಅಲ್ಲಿ ಮಾನ ಹೋದರೆ ಮತ್ತೆ ತಲೆ ಎತ್ತೋ ಹಾಗಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡು ಒಂದು ಉಪಾಯ ಹುಡುಕಿದೆ. ಕಬ್ಬು ಅರೆಯೋ ಕಾಲ. ಸಕ್ಕರೆ ಕಾರ್ಖಾನೆ ರಸ್ತೆಯಲ್ಲಿ ಕಬ್ಬು ತುಂಬಿದ ಗಾಡಿಗಳು, ಟ್ರಾಕ್ಟರುಗಳು ತಮ್ಮ ಸರದಿಗೆ ಸಾಲುಗಟ್ಟಿ ನಿಂತಿರ್ತವೆ. ಆ ಜನ ಎಲ್ಲೂ ಹೋಗೋ ಹಾಗಿಲ್ಲ, ಮಾಡೋಕೆ ಬೇರೆ ಕೆಲಸವೂ ಇಲ್ಲ. ರಸ್ತೆ ಪಕ್ಕದ ಬಯಲಲ್ಲೇ ಪಂದ್ಯ ಇಟ್ಟರೆ ಸಾಕು. ಆಫೀಸರಿಗೆ ಹೇಳಿದೆ, ಅವರೂ ಒಪ್ಪಿದ್ರು.

ಸ್ವಾಮಿ, ಆ ನೋಟ ನೀವು ನೋಡಬೇಕಿತ್ತು. ಕಬ್ಬಿನ ಹೊರೆಗಳ ಮೇಲೆ ಕಾಲು ಇಳಿಬಿಟ್ಟುಕೊಂಡು ಸಾಲಾಗಿ ಜನ. ಕೈಯಲ್ಲೊಂದು ಜಲ್ಲೆ, ಬಾಯಲ್ಲಿ ರಸ. ನಾನು ಸುಮ್ಮನೆ ಚೆಂಡು ಎತ್ತಿಕೊಂಡರೂ "ಆಹಾ!" ಅನ್ನೋರು. "ನಮ್ ತಾಲ್ಲೂಕ್ನೋನು ಕಣ್ರಲಾ!" ಅಂತ ಒಬ್ಬ ಎದ್ದು ನಿಂತು ಕೂಗಿದ. ಆಫೀಸರ ಪೆನ್ನು ಓಡ್ತಾ ಇತ್ತು. ನನಗೆ ಜೀವಮಾನದಲ್ಲಿ ಮೊದಲ ಸಲ ಕಾಲು ನಡುಗೋದು ನಿಲ್ತು. ಆಗಲೇ ನನಗೆ ಇನ್ನೊಂದು ಹೆದರಿಕೆ ಶುರುವಾಯ್ತು, ನನಗೆ ಇಷ್ಟು ಒಳ್ಳೇದು ಆಗೋದು ಸರಿಯಿಲ್ಲವಲ್ಲ ಅಂತ.

ಆಟದ ಕೊನೇ ಭಾಗ. ಎದುರು ಭಾಗದ ಮುಂಪಡೆಯ ಆಟಗಾರ ದೂರದಿಂದ ಗುರಿಯಿಟ್ಟು ಒದ್ದ. ಚೆಂಡು ಮೇಲಿನ ಮೂಲೆಗೆ ಹೋಗ್ತಾ ಇತ್ತು. ನಾನು ಕಣ್ಣು ಮುಚ್ಚಿ ಹಾರಿದೆ. ನನ್ನಾಣೆ, ಎರಡೂ ಕೈಯಲ್ಲಿ ಚೆಂಡು ಹಿಡಿದು ನೆಲಕ್ಕೆ ಬಿದ್ದೆ. ಅಂಥ ಹಿಡಿತ ಅದಕ್ಕೆ ಮೊದಲೂ ಹಿಡಿದಿರಲಿಲ್ಲ, ಆಮೇಲೂ ಹಿಡೀಲಿಲ್ಲ. ಚೆಂಡನ್ನ ಎದೆಗೊತ್ತಿಕೊಂಡು ಚಪ್ಪಾಳೆಗೆ ಕಾದೆ.

ಸದ್ದೇ ಇಲ್ಲ. ಎದ್ದು ನೋಡ್ತೀನಿ, ಬಯಲಿನ ಸುತ್ತ ಬರೀ ಧೂಳು. ನಾನು ಗಾಳೀಲಿದ್ದಾಗಲೇ ಸಕ್ಕರೆ ಕಾರ್ಖಾನೆಯವರು ಗೇಟು ತೆಗೆದಿದ್ರು. ಸರದಿ ತಪ್ಪಿದರೆ ಇನ್ನೊಂದು ದಿನ ಕಾಯಬೇಕಲ್ಲ, ಎಲ್ಲರೂ ಗಾಡಿ ಹೊಡೆದುಕೊಂಡು ಹೊರಟುಹೋಗಿದ್ರು. ನಾನು ಬೇಕು ಅಂತಲೇ ಜನಾನ ಬೇರೆ ಕಡೆಯಿಂದ ಬಾಡಿಗೆಗೆ ಕರೆತಂದಿದ್ದೆ ಅನ್ನೋ ಥರ ಆಫೀಸರು ನನ್ನ ನೋಡಿದ್ರು.

ಒಂದೇ ಒಂದು ಗಾಡಿ ಉಳಿದಿತ್ತು. ಪಕ್ಕದಲ್ಲಿ ಒಬ್ಬ ಮುದುಕಪ್ಪ ನಿಂತಿದ್ದ. ನನಗೆ ಕಣ್ಣಲ್ಲಿ ನೀರು ಬಂತು. ಹತ್ತಿರ ಹೋಗಿ, "ನೀನೊಬ್ಬನಾದರೂ ನನ್ನ ಆಟ ನೋಡೋಕೆ ನಿಂತೆಯಲ್ಲ ತಾತ, ದೇವರು ನಿನ್ನ ಚೆನ್ನಾಗಿಟ್ಟಿರಲಿ" ಅಂದೆ. ಆಫೀಸರೂ ಪೆನ್ನು ಹಿಡಿದುಕೊಂಡು ಬಂದ್ರು.

"ಆಟ ನೋಡಕ್ಕೆ ಯಾರಪ್ಪ ನಿಂತವ್ರೆ? ಎತ್ತು ಮನಿಕಬುಟ್ಟದೆ. ಒಸಿ ಬಾಲ ಇಡ್ಕಳ್ಳಪ್ಪ, ಎಬ್ಸಾನ" ಅಂದ.

ಕೆ.ಆರ್. ಪೇಟೆಯ ಪ್ರಸಿದ್ಧರು

ಕೆ.ಆರ್. ಪೇಟೆಯಲ್ಲಿ ಆಫೀಸರು ಬೇರೆ ದಾರಿ ಹಿಡಿದ್ರು. "ಜನ ಸೇರಿಸೋದೂ ಬೇಡ ಏನೂ ಬೇಡ. ಬಸ್ ಸ್ಟ್ಯಾಂಡಿಂದ ಮೈದಾನದ ತನಕ ನಾವಿಬ್ಬರೂ ನಡೆಯೋಣ. ಎಷ್ಟು ಜನ ನಿನ್ನ ಗುರುತು ಹಿಡೀತಾರೆ ನೋಡ್ತೀನಿ" ಅಂದ್ರು. ನೇಣಿಗೆ ಕರೆದುಕೊಂಡು ಹೋಗೋನ ಹಾಗೆ ಅವರ ಹಿಂದೆ ನಡೆದೆ.

ಹೂವಿನವಳು ನೋಡಿದಳು, ಗುರುತು ಹಿಡೀಲಿಲ್ಲ. ತರಕಾರಿಯವನು ನೋಡಿ, "ಬದ್ನೇಕಾಯಿ ಬೇಕಾ?" ಅಂದ. ಒಬ್ಬ ಮಾತ್ರ ಓಡಿ ಬಂದು ಕೈ ಹಿಡಿದು ಕುಲುಕಿದ. ಎದೆ ಉಬ್ಬಿತು. "ಹೋದ ತಿಂಗ್ಳು ನಮ್ಮನೆಗೆ ಫ್ಯಾನ್ ಹಾಕಕ್ ಬಂದಿದ್ದೋರು ನೀವೇ ಅಲ್ವಾ? ತಿರುಗ್ತಾನೇ ಇಲ್ಲ ನೋಡಿ ಅದು" ಅಂದ. ಆಫೀಸರು ಪುಸ್ತಕ ತೆಗೆದು ಏನೋ ಗೀಚಿಕೊಂಡ್ರು.

ಕೊನೆಗೆ ಒಂದು ಟೀ ಅಂಗಡಿಯಲ್ಲಿ ಕೂತು, ಆಫೀಸರು ಅಲ್ಲಿದ್ದ ಒಬ್ಬ ಹಿರಿಯರನ್ನ ನೇರವಾಗಿ ಕೇಳಿಯೇಬಿಟ್ಟರು: "ಯಜಮಾನ್ರೇ, ಇವನು ಯಾರು ಗೊತ್ತಾ? ದೊಡ್ಡ ಆಟಗಾರ."

ಅವರು ನನ್ನ ಮೇಲಿಂದ ಕೆಳಗೆ ನೋಡಿದ್ರು. "ಯಾವೂರಪ್ಪ? ಯಾರ ಮಗ?" ಅಂದ್ರು. ನಾನು ಊರು ಹೇಳಿದೆ, ಅಪ್ಪನ ಹೆಸರು ಹೇಳಿದೆ. ಅವರು ಕೂತಿದ್ದ ಬೆಂಚಿಂದ ಎದ್ದೇಬಿಟ್ರು.

"ಓಹೋಹೋ! ಹಾಲು ಕರೆಯೋ ಸ್ಪರ್ಧೇಲಿ ಫಸ್ಟು ಬಂತಲ್ಲ ಕರಿ ಮಚ್ಚೆ ಸೀಮೆಹಸ, ಅವ್ರ ಮನೆಯವ್ರಾ ನೀವು! ಬರ್ರಲೇ ಇಲ್ಲಿ, ಆ ಹಸಿನ ಮನೆಯವ್ರು ಬಂದವ್ರೆ!"

ಐದು ನಿಮಿಷದಲ್ಲಿ ಟೀ ಅಂಗಡಿ ತುಂಬಿಹೋಯ್ತು. ಒಬ್ಬ ಕೈ ಮುಗಿದ. ಒಬ್ಬ ಬಾಳೆಹಣ್ಣು ಕೊಟ್ಟ. "ಎಂಗದೆ ಈಗ? ಗಬ್ಬ ಆಗದಾ?" "ಏನ್ ಇಂಡಿ ಆಕ್ತೀರಿ?" "ಕರು ಕೊಡೋದಾದ್ರೆ ಮೊದ್ಲು ನಮ್ಗೇಳಿ." ಆಫೀಸರಿಗೆ ದಿಕ್ಕೇ ತೋಚಲಿಲ್ಲ. ಆ ಜನವೆಲ್ಲ ನಮ್ಮ ಹಿಂದೆಯೇ ಮೈದಾನಕ್ಕೆ ಬಂದ್ರು. ಮೈಕು ಹಿಡಿದಿದ್ದವನಿಗೂ ಸುದ್ದಿ ಮುಟ್ಟಿತ್ತು. "ಬಂಧುಗಳೇ, ಈಗ ಗೋಲಿನಲ್ಲಿ ನಿಂತಿರತಕ್ಕಂಥವರು, ಇಡೀ ಜಿಲ್ಲೆಗೇ ಹೆಸರಾದ ಹಸುವಿನ ಮನೆಯವರು!" ಅಂದ. ಚಪ್ಪಾಳೆಗೆ ನನ್ನ ಕಿವಿ ಗುಂಯ್‌ಗುಟ್ಟಿತು. ಒಂದು ಪೆನಾಲ್ಟಿ ತಡೆದೆ. "ಸುಮ್ನಾ? ಆ ಹಾಲು ಕುಡ್ದ ಮೈ ಕಣ್ಲಾ ಅದು!" ಅಂತ ಯಾರೋ ಕೂಗಿದ್ರು.

ಆಟ ಮುಗಿದ ಮೇಲೆ ಆಫೀಸರು ಪುಸ್ತಕ ತೆರೆದು ನನ್ನ ಹೆಸರು ಬರೆದು, ಹೊಡೆದು ಹಾಕಿದ್ರು. ಆಮೇಲೆ ಮೆಲ್ಲಗೆ ಕೇಳಿದ್ರು: "ಆ ಹಸೂನ ಪರ್ಮನೆಂಟ್ ಮಾಡಿಕೊಂಡರೆ ಹೇಗೆ?"

ಅವರ ಮುಖದಲ್ಲಿ ನಗು ಇರಲಿಲ್ಲ.

ನಾಗಮಂಗಲದ ತೀರ್ಮಾನ

ಉಳಿದದ್ದು ನಾಗಮಂಗಲ ಒಂದೇ. ಆಫೀಸರು ಮೊದಲೇ ಸಾರಿಬಿಟ್ಟರು: "ಪಂದ್ಯ ಮುಗಿದ ಮೇಲೆ ಮೂವರನ್ನೂ ಮುಂದೆ ನಿಲ್ಲಿಸ್ತೀನಿ. ಯಾರು ಇಷ್ಟ ಅಂತ ಜನ ಕೈ ಎತ್ತಲಿ. ಯಾರಿಗೆ ಕೈ ಜಾಸ್ತಿಯೋ ಅವನಿಗೆ ಅಲ್ಲೇ ಆರ್ಡರು." ಆರ್ಡರಿನ ಕಾಗದ ಅವರ ಜೇಬಲ್ಲೇ ಇತ್ತು. ಹೆಸರು ತುಂಬೋದೊಂದು ಬಾಕಿ.

ನಾಗಮಂಗಲದ ಹತ್ತಿರ ನಮ್ಮ ಸೋದರಮಾವನ ಊರು. ಮಾವ ಹಾಲಿನ ಸೊಸೈಟಿ ಅಧ್ಯಕ್ಷ. ಎಲೆಕ್ಷನ್ನು ಅಂದ್ರೆ ಊಟ ತಿಂಡಿ ಬಿಡೋ ಪೈಕಿ. ಹೋಗಿ ಕಾಲು ಹಿಡಿದೆ. "ಮಾವ, ನನ್ನ ಜೀವ ಉಳಿಸು. ಈ ಕೆಲಸ ಹೋದರೆ ಅಪ್ಪ ಗಾಣಕ್ಕೆ ಕಟ್ತಾರೆ, ನನಗೆ ಹೆಣ್ಣೂ ಸಿಗಲ್ಲ" ಅಂದೆ.

"ಕೈ ಎತ್ಸೋದಾ? ಇದೂ ಒಂದು ಕೆಲ್ಸವೇನ್ಲಾ ಅಳಿಮಯ್ಯ?" ಅಂದ್ರು ಮಾವ. "ನೀನು ಆರಾಮಾಗಿ ಮುದ್ದೆ ಉಣ್ಣು. ಮಿಕ್ಕಿದ್ದು ನಂಗ್ ಬುಡು."

ಮಾರನೇ ದಿನ ಆಟೋಗೆ ಮೈಕು ಕಟ್ಟಿಸಿದ್ರು. "ನಮ್ಮ ಮನೆಯ ಕುಡಿಗೆ ನಿಮ್ಮ ಅಮೂಲ್ಯವಾದ ಕೈ ಎತ್ತಿ" ಅಂತ ಹಳ್ಳಿ ಹಳ್ಳಿ ಸುತ್ತಿಸಿದ್ರು. ನನಗೆ ಸ್ವಲ್ಪ ಧೈರ್ಯ ಬಂತು. ಆದರೆ ಒಂದು ವಿಷಯ ಮರೆತಿದ್ದೆ. ಮಾವನಿಗೊಂದು ಪಾರ್ಟಿ ಇದ್ದ ಮೇಲೆ ಎದುರು ಪಾರ್ಟಿಯೂ ಇರಬೇಕಲ್ಲ. ಆ ಪಾರ್ಟಿ ಯಜಮಾನರು ಸೊಸೈಟಿ ಚುನಾವಣೆಯಲ್ಲಿ ಮಾವನ ಮೇಲೆ ಸೋತು ಹಲ್ಲು ಕಡೀತಿದ್ರು. ಅವರ ಕಡೆಯವರಿಗೆ ಫುಟ್‌ಬಾಲೂ ಬೇಡ, ಪಂಪೂ ಬೇಡ. ಮಾವನ ಕಡೆಯವನು ಗೆಲ್ಲಬಾರದು, ಅಷ್ಟೇ.

ಪಂದ್ಯದ ದಿನ ಬೆಳಗ್ಗೆ ಮಲಯಾಳಿ ನನ್ನ ಹತ್ತಿರ ಓಡಿ ಬಂದ. ಕೊರಳಲ್ಲಿ ದಪ್ಪ ಹಾರ, ಮುಖದಲ್ಲಿ ರಕ್ತವಿಲ್ಲ. ಅವನ ಹರಕು ಕನ್ನಡದಲ್ಲಿ, "ಯಾರೋ ಬಂದ್ರು, ನಾಲ್ಕು ಎಳನೀರು ಕುಡಿಸಿದ್ರು, ಹೆಗಲ ಮೇಲೆ ಕೂರಿಸಿದ್ರು. ಹೆದರಬೇಡ, ನಾವಿದ್ದೀವಿ ಅಂತಾರೆ. ನಾನು ಏನು ತಪ್ಪು ಮಾಡಿದೆ?" ಅಂದ. ಪಾಪ, ಅವನು ಎದುರು ಪಾರ್ಟಿಯ ಕ್ಯಾಂಡಿಡೇಟು ಆಗಿದ್ದ.

ನಮ್ಮ ಸೀಮೆಯ ಮೈದಾನಗಳಲ್ಲಿ ಅಷ್ಟು ಜನ ನಾನು ಕಂಡಿರಲಿಲ್ಲ. ಈ ಕಡೆ ಮಾವನ ಪಾರ್ಟಿ, ಆ ಕಡೆ ಎದುರು ಪಾರ್ಟಿ. ಚೆಂಡಿನ ಕಡೆ ಯಾರೂ ನೋಡ್ತಾ ಇರಲಿಲ್ಲ, ಒಬ್ಬರನ್ನೊಬ್ಬರು ನೋಡ್ತಾ ಇದ್ರು. ಜನರನ್ನೇ ನೋಡ್ತಾ ನಾನು ಒಂದು ಸುಲಭದ ಗೋಲು ಬಿಟ್ಟುಕೊಟ್ಟೆ. ಮಾವ ಎದ್ದು ನಿಂತು, "ಬೇಕು ಅಂತ್ಲೇ ಬುಟ್ಟವ್ನೆ ಕಣ್ರಲಾ! ದೊಡ್ಡ ಮನ್ಸು!" ಅಂತ ಕೂಗಿದ್ರು. ಅವರ ಕಡೆಯವರೆಲ್ಲ ಚಪ್ಪಾಳೆ ತಟ್ಟಿದ್ರು.

ಆಟ ಮುಗೀತು. ಆಫೀಸರು ಟ್ರಾಕ್ಟರ್ ಟ್ರೈಲರ್ ಹತ್ತಿ ನಿಂತು ಮೊದಲು ನನ್ನ ಹೆಸರು ಹೇಳಿದ್ರು. ಈ ಕಡೆ ಕೈಗಳೋ ಕೈಗಳು, ಕೆಲವರು ಎರಡೂ ಎತ್ತಿದ್ರು. ಮಲಯಾಳಿ ಹೆಸರು ಹೇಳಿದ್ರು, ಆ ಕಡೆ ಅಷ್ಟೇ ಕೈ. ಅಲ್ಲಿಗೆ ಶುರುವಾಯ್ತು.

"ಏಯ್, ಆ ಕೈ ಲೆಕ್ಕಕ್ಕಿಲ್ಲ! ಅವ್ನು ನಮ್ ತಾಲ್ಲೂಕ್ನೋನೇ ಅಲ್ಲ!"

"ನಿಮ್ಮೋರು ಎರ್ಡೆರ್ಡು ಕೈ ಎತ್ತವ್ರೆ, ನಾವ್ ನೋಡ್ಲಿಲ್ವಾ?"

"ರೀಕೌಂಟಿಂಗ್ ಮಾಡಿ! ರೀಕೌಂಟಿಂಗ್!"

ಎರಡೂ ಕಡೆಯವರು ಟ್ರೈಲರನ್ನ ಮುತ್ತಿಕೊಂಡ್ರು. ಆಫೀಸರ ತುಟಿ ಒಣಗಿ, ಕನ್ನಡಕ ಜಾರಿ ಮೂಗಿನ ತುದಿಗೆ ಬಂದಿತ್ತು. ಅವರು ನನ್ನ ಕೈ ಹಿಡಿದುಕೊಂಡ್ರು. "ಹೇಗಾದರೂ ಇಲ್ಲಿಂದ ಪಾರು ಮಾಡಯ್ಯಾ. ಇವನಿಗೆ ಕೊಟ್ಟರೆ ಆ ಅರ್ಧ ತಾಲ್ಲೂಕು ನಮ್ಮ ಪಂಪು ಮುಟ್ಟಲ್ಲ, ಅವನಿಗೆ ಕೊಟ್ಟರೆ ಈ ಅರ್ಧ ತಾಲ್ಲೂಕು ಮುಟ್ಟಲ್ಲ" ಅಂದ್ರು. ಗಾಬರಿಯಲ್ಲಿ ನನ್ನ ಎದುರೇ ನನ್ನನ್ನ 'ಇವನು' ಅಂತಿದ್ರು.

ಆಗ ಪಂಚಾಯ್ತಿ ಮಾಡೋ ಒಬ್ಬ ಹಿರೀಕರು ಮುಂದೆ ಬಂದ್ರು. ಬಿಳೀ ಮೀಸೆ, ಕೈಯಲ್ಲಿ ಕೋಲು. ಎರಡೂ ಪಾರ್ಟಿಯವರು ಗಪ್‌ಚಿಪ್ಪಾದ್ರು. "ಇದಕ್ಯಾಕ್ರಪ್ಪಾ ಕಿತ್ತಾಟ? ಅಧ್ಯಕ್ಷರ ಕುರ್ಚಿಗೆ ಯಾವಾಗ್ಲೂ ಮಾಡ್ದಂಗೇ ಮಾಡನ. ಮೂವತ್ತು ತಿಂಗ್ಳು ಇವ್ನು ಪರ್ಮನೆಂಟು, ಮೂವತ್ತು ತಿಂಗ್ಳು ಅವ್ನು ಪರ್ಮನೆಂಟು."

"ಆಗ್ಲಿ. ಮೊದ್ಲು ನಮ್ಮೋನು" ಅಂದ್ರು ಮಾವ.

"ಅದೆಂಗಾದದು? ಮೊದ್ಲು ನಮ್ಮೋನು!" ಅಂದ್ರು ಎದುರು ಪಾರ್ಟಿ ಯಜಮಾನರು.

ಮತ್ತೆ ಪಂಚೆ ಎತ್ತಿ ಕಟ್ಟಿದ್ರು. ಹಿರೀಕರು ಬೇಸತ್ತು ಸುತ್ತ ಕಣ್ಣಾಡಿಸಿದ್ರು. ಬೆಂಗಳೂರಿನವನು ಟ್ರೈಲರಿನ ನೆರಳಲ್ಲಿ ಕೂತು, ಒಂದೊಂದೇ ಕಳ್ಳೆಕಾಯಿ ಸುಲಿದು ತಿಂತಾ ಇದ್ದ. ಅವನ ಹೆಸರು ಕೂಗೋದನ್ನ ಆಫೀಸರು ಗಲಾಟೆಯಲ್ಲಿ ಮರೆತೇಬಿಟ್ಟಿದ್ರು. ಒಂದೇ ಒಂದು ಕೈಯೂ ಅವನಿಗೆ ಎದ್ದಿರ್ಲಿಲ್ಲ.

"ಅವ್ನ್ಯಾರು?" ಅಂದ್ರು ಹಿರೀಕರು.

"ಅವನೂ ಗೋಲ್‌ಕೀಪರೇ" ಅಂದ್ರು ಆಫೀಸರು.

"ಯಾರ್ ಕಡೆಯೋನು?"

"ಯಾರ ಕಡೆಯೋನೂ ಅಲ್ಲ."

"ಇನ್ನೇನ್ ಮತ್ತೆ? ಅವಿರೋಧ ಮಾಡ್ಬುಡಿ!"

ಎರಡೂ ಪಾರ್ಟಿಯವರು ಒಂದೇ ಗಂಟಲಲ್ಲಿ "ಆಗ್ಲಿ!" ಅಂದ್ರು. ಆಫೀಸರು ಜೇಬಿಂದ ಕಾಗದ ತೆಗೆದು, ಅಲ್ಲೇ ಮೊಣಕಾಲ ಮೇಲಿಟ್ಟುಕೊಂಡು ಅವನ ಹೆಸರು ತುಂಬಿ ಸಹಿ ಹಾಕಿದ್ರು. ಯಾರೋ ಮಲಯಾಳಿಯ ಹಾರ ತಂದು ಬೆಂಗಳೂರಿನವನಿಗೆ ಹಾಕಿದ್ರು. ಬಾಯಲ್ಲಿದ್ದ ಕಳ್ಳೆಕಾಯಿ ನುಂಗಿ ಅವನು ನನ್ನನ್ನೇ ಕೇಳಿದ: "ಮಗಾ, ಏನಾಯ್ತು ಇಲ್ಲಿ?"

ಮೂರು ವರ್ಷ ಮಣ್ಣಲ್ಲಿ ಬಿದ್ದು ಎದ್ದದ್ದು, ಮೊಣಕೈ ಕಿತ್ತುಹೋದದ್ದು, ಎಲ್ಲ ಒಟ್ಟಿಗೆ ನೆನಪಾಗಿ ನನಗೆ ಅಳು ಬಂತು. ಕೈ ಚೀಲ ಎತ್ತಿಕೊಂಡು ನಿಂತಿದ್ದೆ. ಮಾವ ಜನರನ್ನ ನೂಕಿಕೊಂಡು ಓಡಿ ಬಂದ್ರು. ನನ್ನ ಅನಾಮತ್ತಾಗಿ ಎತ್ತಿ ಒಂದು ಸುತ್ತು ತಿರುಗಿಸಿದ್ರು.

"ಗೆದ್ಬುಟ್ಟೋ ಕಣ್ಲಾ ಅಳಿಮಯ್ಯ! ಗೆದ್ಬುಟ್ಟೋ!"

"ಏನ್ ಮಾವ ಗೆದ್ದಿದ್ದು? ನನ್ ಕೆಲ್ಸ ಓಯ್ತಲ್ಲ!"

"ಓಗ್ಲಿ ಬುಡ್ಲಾ ಅದು! ಅವ್ರ ಕಡೆಯೋನ್ಗೆ ಸಿಕ್ಲಿಲ್ವಲ್ಲ!"